ಎಂಜಿನ್ ಇಳಿಸುವ ಮುನ್ನ ಹಾಕಿದ ಲೆಕ್ಕ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಡಾಡ್ಜ್ ಕಂಪನಿ ತಯಾರಿಸಿದ ಮುಕ್ಕಾಲು ಟನ್ನಿನ ಫೋರ್ ವ್ಹೀಲ್ ಡ್ರೈವ್ ಟ್ರಕ್ಕಿಗೆ ಪುಣೆಯ ಹಳೆಯ ಗ್ಯಾರೇಜುಗಳಲ್ಲಿ ಇಂದಿಗೂ ‘ವೆಪನ್ ಕ್ಯಾರಿಯರ್’ ಎಂದೇ ಹೆಸರು. ಕಾಗದಪತ್ರಗಳಲ್ಲಿ ಅದು ಡಬ್ಲ್ಯುಸಿ-51. ಮುಂದಿನ ಬಂಪರಿನ ಬಳಿ ವಿಂಚ್, ಅಂದರೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ ಇದ್ದರೆ ಡಬ್ಲ್ಯುಸಿ-52. 1942ರಿಂದ ಯುದ್ಧ ಮುಗಿಯುವವರೆಗೆ ತಯಾರಾದ ಈ ಗಾಡಿಗಳಲ್ಲಿ ಹಲವು ಯುದ್ಧಾನಂತರ ಹರಾಜಿನಲ್ಲಿ ಖಾಸಗಿಯವರ ಕೈ ಸೇರಿ, ಹಿಂಬದಿಗೆ ಕ್ರೇನ್ ಕಟ್ಟಿಸಿಕೊಂಡು, ಕೆಟ್ಟು ನಿಂತ ಲಾರಿಗಳನ್ನು ಎಳೆಯುತ್ತ ದಶಕಗಳ ಕಾಲ ದುಡಿದವು. ನಾನು ಹೇಳಹೊರಟಿರುವ ಗಾಡಿಯೂ ಅಂಥದೇ. ಹಳೆಯ ಮುಂಬಯಿ–ಪುಣೆ ರಸ್ತೆಯ ಬದಿಯ ಗ್ಯಾರೇಜೊಂದು ಬಾಗಿಲು ಮುಚ್ಚಿದಾಗ ಚಿಂಚವಾಡದಲ್ಲಿ ಹೋಟೆಲ್ ನಡೆಸುವ ನಮ್ಮ ಶೆಟ್ಟರು ಅದನ್ನು ಕೊಂಡು ಮಾವಳದ ತಮ್ಮ ತೋಟಕ್ಕೆ ಸಾಗಿಸಿದ್ದರು. ಭೋಸರಿಯಲ್ಲಿ ಗೇರ್ ಕತ್ತರಿಸುವ ಕೆಲಸದಲ್ಲೇ ವಯಸ್ಸು ಕಳೆದ ನಾನು ಅದರ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುವ ಕೆಲಸಕ್ಕೆ ತಲೆ ಕೊಟ್ಟದ್ದು ಅವರ ಒತ್ತಾಯಕ್ಕೆ ಎಂದು ಹೇಳಿದರೆ ಅರ್ಧ ನಿಜವಷ್ಟೇ.

ಗಾಡಿಯ ಮೂಲ ಎಂಜಿನ್ ಟಿ-214 ಎಂಬ ಸೈಡ್ ವಾಲ್ವ್ ಪೆಟ್ರೋಲ್ ಎಂಜಿನ್. ಆರು ಸಿಲಿಂಡರ್, 230 ಘನ ಇಂಚು, ಅಂದರೆ ಸುಮಾರು 3.8 ಲೀಟರ್, ನಿಮಿಷಕ್ಕೆ 3200 ಸುತ್ತಿನಲ್ಲಿ 92 ಅಶ್ವಶಕ್ತಿ. ಇದರಲ್ಲಿ ವಾಲ್ವುಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕದಲ್ಲಿ ಕೂತಿರುತ್ತವೆ, ಸುಟ್ಟ ಅನಿಲ ಹೊರಹೋಗುವ ದಾರಿಯೂ ಬ್ಲಾಕಿನ ನೀರಿನ ಕೋಣೆಗಳನ್ನು ಹಾಯ್ದೇ ಹೋಗುತ್ತದೆ. ಹೀಗಾಗಿ ಒಮ್ಮೆ ನೀರು ಕಡಿಮೆಯಾಗಿ ಎಂಜಿನ್ ಕಾದರೆ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವಿನ ತೆಳ್ಳನೆಯ ಗೋಡೆ ಬಿರಿಯುವುದು ಈ ಜಾತಿಯ ಎಂಜಿನ್ನುಗಳ ಹಳೆಯ ರೋಗ. ನಮ್ಮ ಬ್ಲಾಕಿನಲ್ಲಿ ಅಂಥ ಬಿರುಕು ಎರಡು ಕಡೆ ಇತ್ತು. ಹಿಂದೆ ಯಾರೋ ಒಂದನ್ನು ಲೋಹದ ಪಿನ್ನುಗಳಿಂದ ಹೊಲಿದು ಮುಚ್ಚಿದ ಗುರುತೂ ಇತ್ತು. ಎರಡನೆಯದನ್ನೂ ಹೊಲಿಸಿ, ಬೋರ್ ಮಾಡಿಸಿ, ಪಿಸ್ಟನ್ನುಗಳನ್ನು ಹೊರದೇಶದಿಂದ ತರಿಸಿ ಎಂಜಿನ್ನನ್ನು ಬದುಕಿಸಬಹುದಿತ್ತು. ಪ್ರದರ್ಶನಕ್ಕೆ ಇಡುವ ಗಾಡಿಯಾಗಿದ್ದರೆ ನಾನೇ ಹಾಗೆ ಮಾಡಿ ಎನ್ನುತ್ತಿದ್ದೆ. ಶೆಟ್ಟರಿಗೆ ಬೇಕಿದ್ದುದು ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಗೊಬ್ಬರ, ಕಲ್ಲು, ನೀರಿನ ಪೈಪು ಹೊರುವ, ಸಿಕ್ಕಿಬಿದ್ದ ಟ್ರ್ಯಾಕ್ಟರನ್ನು ಎಳೆದು ತರುವ ಗಾಡಿ. ಅದಕ್ಕೆ ಡೀಸೆಲ್ಲೇ ಸರಿ ಎಂಬ ತೀರ್ಮಾನ ಬೇಗ ಆಯಿತು.

ಡಾಡ್ಜಿಗೆ ಡೀಸೆಲ್ ಕೂಡಿಸುವುದು ಅಪಚಾರ ಎನ್ನುವವರು ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಡಾಡ್ಜ್, ಫಾರ್ಗೊ ಹೆಸರಿನ ಟ್ರಕ್ಕುಗಳಿಗೆ ಪರ್ಕಿನ್ಸ್ ಡೀಸೆಲ್ ಎಂಜಿನ್ ಕೂಡಿಸಿಯೇ ಮಾರುತ್ತಿತ್ತು. ಈ ದೇಶದಲ್ಲಿ ಡಾಡ್ಜ್ ಎಂಬ ಹೆಸರಿಗೂ ಡೀಸೆಲ್ ಹೊಗೆಗೂ ಹಳೆಯ ನಂಟಿದೆ. ಆದರೂ ಎರಡು ಕಟ್ಟಳೆಗಳನ್ನು ಮೊದಲೇ ಹಾಕಿಕೊಂಡೆವು. ಚಾಸಿಯಲ್ಲಿ ಕಂಪನಿ ಕೊರೆದ ಒಂದು ತೂತನ್ನೂ ಹಿಗ್ಗಿಸಬಾರದು, ಒಂದು ಬ್ರಾಕೆಟ್ಟನ್ನೂ ಕತ್ತರಿಸಬಾರದು. ತೆಗೆದ ಎಂಜಿನ್ನನ್ನು ಗ್ರೀಸ್ ಬಳಿದು ಪೆಟ್ಟಿಗೆಯಲ್ಲಿ ಇಡಬೇಕು. ನಾಳೆ ಯಾರಿಗಾದರೂ ಗಾಡಿಯನ್ನು ಮೊದಲಿನಂತೆ ಮಾಡುವ ಮನಸ್ಸಾದರೆ ಸ್ಪ್ಯಾನರ್ ಸಾಕಾಗಬೇಕು, ಗ್ಯಾಸ್ ಕಟರ್ ಬೇಕಾಗಬಾರದು.

ಕಾನೂನಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ, ಏಕೆಂದರೆ ಇಂಥ ಕೆಲಸಕ್ಕೆ ಕೈ ಹಾಕುವವರು ಇದನ್ನು ಕೊನೆಗೆ ಯೋಚಿಸುವುದನ್ನು ಕಂಡಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಾದ ಗಾಡಿಯನ್ನು ನಮಗೆ ತೋಚಿದಂತೆ ಬದಲಿಸುವಂತಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮವೂ, ಐವತ್ತು ವರ್ಷ ದಾಟಿದ ಗಾಡಿ ಮೂಲ ಸ್ವರೂಪದಲ್ಲೇ ಇದ್ದರೆ, ಅಂದರೆ ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರದಿದ್ದರೆ ಮಾತ್ರ ವಿಂಟೇಜ್ ಎನ್ನುತ್ತದೆ. ಎಂಜಿನ್ ಬದಲಿಸಿದ ಮೇಲೆ ಆ ಸಾಲಿನಲ್ಲಿ ನಿಲ್ಲುವ ಆಸೆಯನ್ನು ಬಿಡಬೇಕು. ನಮ್ಮ ಗಾಡಿ ತೋಟದ ಬೇಲಿ ದಾಟುವುದಿಲ್ಲ; ಭೋಸರಿಗೆ ತಂದದ್ದೂ ವಾಪಸು ಒಯ್ದದ್ದೂ ಟ್ರೈಲರಿನ ಮೇಲೆಯೇ. ರಸ್ತೆಗೆ ಇಳಿಸುವ ಉದ್ದೇಶ ಇರುವವರು ಮೊದಲು ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತಿ, ಆಮೇಲೆ ಸ್ಪ್ಯಾನರ್ ಹಿಡಿಯಲಿ.

ಯಾವ ಎಂಜಿನ್ ಎಂಬುದಕ್ಕೆ ಪುಣೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. 1986ರಲ್ಲಿ ಬಂದ ಟಾಟಾ 407 ಗಾಡಿಯ 497 ಎಂಜಿನ್ನಿಗೆ ಬಿಡಿಭಾಗ ಸಿಗದ ಊರಿಲ್ಲ. ನಾನಾ ಪೇಠೆಯ ಅಂಗಡಿಗಳಲ್ಲಂತೂ ಸಾಮಾನಿನ ಹೆಸರು ಬಾಯಿಂದ ಪೂರ್ತಿ ಬರುವ ಮೊದಲೇ ಪೊಟ್ಟಣ ಕೌಂಟರಿನ ಮೇಲಿರುತ್ತದೆ. ಆ ಸಂಖ್ಯೆಯಲ್ಲೇ ಅದರ ಜಾತಕವಿದೆ: ನಾಲ್ಕು ಸಿಲಿಂಡರ್, ಬೋರ್ 97 ಮಿಲಿಮೀಟರ್. ಸ್ಟ್ರೋಕ್ 100 ಮಿಲಿಮೀಟರ್ ಆದ್ದರಿಂದ ಒಟ್ಟು 2956 ಸಿಸಿ. ಟರ್ಬೊ ಇರುವ ಎಂಜಿನ್ನೊಂದನ್ನು ಬಿಲ್ಲು, ಗುಜರಿಗೆ ಹೋದ ಮೂಲ ಗಾಡಿಯ ಕಾಗದಗಳ ಸಮೇತ ಕೊಂಡು, ಹೆಡ್ ಬಿಚ್ಚಿ ನೋಡಿ, ಬೇರಿಂಗ್ ಬದಲಿಸಿ, ಪಂಪನ್ನೂ ನೋಜಲ್‌ಗಳನ್ನೂ ಪರೀಕ್ಷೆಗೆ ಕಳಿಸಿದೆವು. ಪಂಪಿನವರು ಎಂಜಿನ್ನಿನ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನ ಗರಿಷ್ಠ ಮಿತಿಯನ್ನು 2800 ಸುತ್ತಿಗೆ, ಐಡ್ಲಿಂಗನ್ನು 700ಕ್ಕೆ ಹೊಂದಿಸಿ ಕೊಟ್ಟರು.

ಈ ಎರಡು ಅಂಕಿಗಳನ್ನು ಕೈಯಲ್ಲಿ ಹಿಡಿದ ಮೇಲೆಯೇ ನಿಜವಾದ ಕೆಲಸ ಆರಂಭವಾಯಿತು. ನಮ್ಮ ಮಿಸ್ತ್ರಿ ವಿಜಯಪುರದ ಕಡೆಯವರು, ಮೂವತ್ತು ವರ್ಷದಿಂದ ಭೋಸರಿಯಲ್ಲಿದ್ದರೂ ಮಾತಿನ ಧಾಟಿ ಬಿಟ್ಟವರಲ್ಲ. “ಸಾಹೇಬ್ರ, ಎಂಜಿನ್ ಕೂಡ್ಸೋದು ದೊಡ್ಡ ಮಾತಲ್ರಿ. ಅದರ ಹಿಂದ ಏನೇನ್ ಐತಿ, ಅದಕ್ಕ ಇದು ಹೊಂದಬೇಕಲ್ರಿ” ಎಂದು ಅವರು ಮೊದಲ ದಿನವೇ ಹೇಳಿದ್ದರು. ಎಂಜಿನ್ ಬದಲಿಸಿ ಸೋತ ಗಾಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅವುಗಳಲ್ಲಿ ಎಂಜಿನ್ ಕೆಟ್ಟದ್ದಿರುವುದಿಲ್ಲ. ಎಂಜಿನ್ ಸುತ್ತುವ ವೇಗಕ್ಕೂ ಗೇರುಗಳ ಅನುಪಾತಕ್ಕೂ ಟೈರಿನ ಅಳತೆಗೂ ಮೇಳವಿರುವುದಿಲ್ಲ. ಫ್ಲೈವ್ಹೀಲಿನಿಂದ ಟೈರು ನೆಲ ಮುಟ್ಟುವ ಜಾಗದವರೆಗೆ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಹಿಡಿಯದಿದ್ದರೆ ದುಡ್ಡು ಹೋಗಿ ಗದ್ದಲ ಮಾತ್ರ ಉಳಿಯುತ್ತದೆ.

ಲೆಕ್ಕ ಹೀಗೆ. ಗಾಡಿಯ ಟೈರು 9.00-16. ಬದಿಗೆ ಚಾಕ್‌ಪೀಸಿನ ಗುರುತು ಮಾಡಿ, ಶೆಡ್ಡಿನ ನೆಲದ ಮೇಲೆ ಹತ್ತು ಸುತ್ತು ತಳ್ಳಿ, ಟೇಪು ಹಿಡಿದು ಅಳೆದಾಗ ಒಂದು ಸುತ್ತಿಗೆ 2.65 ಮೀಟರ್ ಬಂತು. ಪುಸ್ತಕದ ವ್ಯಾಸ ಹಿಡಿದರೆ ಇದಕ್ಕಿಂತ ಹೆಚ್ಚು ಬರುತ್ತದೆ. ಭಾರ ಬಿದ್ದ ಟೈರು ಚಪ್ಪಟೆಯಾಗುವುದರಿಂದ ಅಳೆದದ್ದನ್ನೇ ನಂಬಬೇಕು. ಮುಂದಿನ, ಹಿಂದಿನ ಎರಡೂ ಆಕ್ಸಲ್ಲುಗಳ ಕ್ರೌನ್-ಪಿನಿಯನ್, ಅಂದರೆ ಆಕ್ಸಲ್ಲಿನೊಳಗಿನ ಕೊನೆಯ ಗೇರು ಜೋಡಿಯ ಅನುಪಾತ 5.83. ಗೇರ್ ಬಾಕ್ಸಿನ ನಾಲ್ಕನೇ ಗೇರು ನೇರ, ಒಂದಕ್ಕೊಂದು. ಮೂಲ ಪೆಟ್ರೋಲ್ ಎಂಜಿನ್ 3200 ಸುತ್ತಿದಾಗ ಚಕ್ರ ನಿಮಿಷಕ್ಕೆ 549 ಸುತ್ತು ಹಾಕಿ, ಗಾಡಿ ಗಂಟೆಗೆ 87 ಕಿಲೊಮೀಟರ್ ಓಡುತ್ತದೆ. ಡಾಡ್ಜ್ ಕಂಪನಿ ಹೇಳುತ್ತಿದ್ದ ಗರಿಷ್ಠ ವೇಗ 54 ಮೈಲಿಗೆ ಇದು ಸರಿಯಾಗಿ ಹೊಂದಿದ್ದನ್ನು ಕಂಡು ಟೇಪಿನ ಮೇಲೆ ನಂಬಿಕೆ ಬಂತು. ಡೀಸೆಲ್ ಎಂಜಿನ್ 2800ಕ್ಕೇ ನಿಲ್ಲುವುದರಿಂದ ಅದೇ ಗೇರಿನಲ್ಲಿ ವೇಗ 76ಕ್ಕೆ ಇಳಿಯುತ್ತದೆ.

ಈ 76 ಎಂಬ ಅಂಕಿ ಕೇಳಿ ಗ್ಯಾರೇಜಿನಲ್ಲಿದ್ದವರೆಲ್ಲ ಒಂದೇ ಸಲಹೆ ಕೊಟ್ಟರು: ಕ್ರೌನ್-ಪಿನಿಯನ್ ಬದಲಿಸಿ. 1946ರಲ್ಲಿ ಡಾಡ್ಜ್ ಇದೇ ಸೇನಾ ಟ್ರಕ್ಕಿನ ಆಧಾರದ ಮೇಲೆ ಪವರ್ ವ್ಯಾಗನ್ ಎಂಬ ನಾಗರಿಕ ಗಾಡಿಯನ್ನು ಹೊರತಂದಿತು. ಅದಕ್ಕೆ 4.89 ಅನುಪಾತದ ಕ್ರೌನ್-ಪಿನಿಯನ್ನೂ ಬರುತ್ತಿತ್ತು. ಅದನ್ನು ಕೂಡಿಸಿದರೆ 2800 ಸುತ್ತಿಗೆ 91 ಕಿಲೊಮೀಟರ್ ಸಿಗುತ್ತದೆ. ಸಲಹೆ ತಪ್ಪಲ್ಲ, ಹೆದ್ದಾರಿಯಲ್ಲಿ ಓಡುವ ಗಾಡಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಬೂಸ್ಟರ್ ಇಲ್ಲದ ಡ್ರಮ್ ಬ್ರೇಕು, ಎಲೆ ಸ್ಪ್ರಿಂಗು, ಎಂಬತ್ತು ವರ್ಷದ ಸ್ಟೀರಿಂಗ್ ಬಾಕ್ಸು ಇರುವ ಗಾಡಿಗೆ ತೊಂಬತ್ತರ ವೇಗ ಕೊಡುವುದು ನನ್ನ ದೃಷ್ಟಿಯಲ್ಲಿ ವಿವೇಕವಲ್ಲ. ಇನ್ನೊಂದು ಕಾರಣವೂ ಇತ್ತು. 5.83ರಲ್ಲಿ ಟಾಪ್ ಗೇರಿನಲ್ಲಿ 40 ಕಿಲೊಮೀಟರ್ ವೇಗದಲ್ಲಿ ಹೋಗುವಾಗ ಎಂಜಿನ್ 1470ರ ಸುಮಾರಿಗೆ ಸುತ್ತುತ್ತದೆ, ಡೀಸೆಲ್ ಎಂಜಿನ್ ಸುಖವಾಗಿ ಎಳೆಯುವ ಜಾಗ ಅದು. 4.89 ಹಾಕಿದರೆ ಅದು 1230ಕ್ಕೆ ಇಳಿದು, ಸಣ್ಣ ಏರು ಬಂದರೂ ಗೇರು ಇಳಿಸಬೇಕಾಗುತ್ತದೆ. ಈ ಗೇರ್ ಬಾಕ್ಸಿನಲ್ಲಿ ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊ ಇಲ್ಲ. ಪ್ರತಿ ಸಲ ಕ್ಲಚ್ಚು ಎರಡು ಬಾರಿ ತುಳಿದು, ನಡುವೆ ಆಕ್ಸಿಲರೇಟರ್ ಕೊಟ್ಟು, ಹಲ್ಲುಗಳ ವೇಗ ಹೊಂದಿಸಿಯೇ ಗೇರು ಹಾಕಬೇಕು. ತೋಟದ ಹುಡುಗರು ಓಡಿಸುವ ಗಾಡಿಯಲ್ಲಿ ಗೇರು ಬದಲಿಸುವ ಸಂದರ್ಭಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಶೆಟ್ಟರು ವಾದವನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ಅಲ್ಲ ಮಾರಾಯ್ರೆ, ಗಾಡಿ ಓಡದಿದ್ರೆ ಬೇಡ, ಮಳೆಗಾಲದಲ್ಲಿ ಗುಡ್ಡ ಹತ್ತಿದ್ರೆ ಸಾಕಲ್ವಾ?”

ಹಾಗಾಗಿ ಮೇಲಿನ ವೇಗದ ಯೋಚನೆ ಬಿಟ್ಟು ಕೆಳಗಿನ ವೇಗದ ಕಡೆ ನೋಡಿದೆವು. ಡಾಡ್ಜ್ ಗೇರ್ ಬಾಕ್ಸಿನ ಮೊದಲನೇ ಗೇರು 6.4. ಅದನ್ನು 5.83ರಿಂದ ಗುಣಿಸಿದರೆ 37. ಸೇನೆಯ ಮುಕ್ಕಾಲು ಟನ್ನಿನ ಗಾಡಿಗಳಲ್ಲಿ ಎರಡೂ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಂದೇ ವೇಗದ್ದು, ವೇಗ ಇಳಿಸಿ ಬಲ ಏರಿಸುವ ಲೋ ರೇಂಜ್ ಎಂಬುದೇ ಇಲ್ಲ. 700ರ ಐಡ್ಲಿಂಗಿನಲ್ಲಿ ಗಾಡಿ ಗಂಟೆಗೆ ಮೂರು ಕಿಲೊಮೀಟರ್ ನಡೆಯುತ್ತದೆ. ಒಣ ನೆಲದಲ್ಲಿ ಸಾಕು. ಜಂಬಿಟ್ಟಿಗೆ ಮಣ್ಣಿನ ಮೇಲೆ ನೀರು ಹರಿಯುವ ಇಳಿಜಾರಿನಲ್ಲಿ ಅದು ಹೆಚ್ಚೇ. ಪವರ್ ವ್ಯಾಗನ್ನಿನ ಟ್ರಾನ್ಸ್‌ಫರ್ ಕೇಸಿಗೆ ಎರಡು ವೇಗ, ಲೋ ಅನುಪಾತ 1.96. ಅದನ್ನು ಸೇರಿಸಿದರೆ ಒಟ್ಟು ಅನುಪಾತ 73ಕ್ಕೆ ಏರಿ, ಐಡ್ಲಿಂಗ್ ನಡಿಗೆ ಒಂದೂವರೆ ಕಿಲೊಮೀಟರಿಗೆ ಇಳಿಯುತ್ತದೆ. ಹೈ ರೇಂಜಿನಲ್ಲಿ ಮೊದಲಿನ ವೇಗ ಹಾಗೇ ಉಳಿಯುತ್ತದೆ. ಕ್ರೌನ್-ಪಿನಿಯನ್ನಿಗೆ ಹಾಕಬೇಕಾಗಿದ್ದ ಹಣವನ್ನು ಟ್ರಾನ್ಸ್‌ಫರ್ ಕೇಸಿಗೆ ಹಾಕೋಣ ಎಂಬ ನಿರ್ಧಾರ ಈ ಗುಣಾಕಾರದಿಂದಲೇ ಬಂತು.

ಇನ್ನು ಗೇರ್ ಬಾಕ್ಸ್. 407ರದ್ದೇ ಐದು ಗೇರಿನ ಬಾಕ್ಸು ಎಂಜಿನ್ನಿನ ಜತೆಗೆ ಸಿಗುತ್ತಿತ್ತು, ಸಿಂಕ್ರೊ ಇರುವಂಥದು, ಮಧ್ಯೆ ಯಾವ ಜೋಡಣೆಯೂ ಬೇಡ. ಸುಲಭದ ದಾರಿ ಅದೇ. ಆದರೆ ಮುಂದಿನ ವಿಂಚಿಗೆ ಶಕ್ತಿ ಹೋಗುವುದು ಡಾಡ್ಜ್ ಗೇರ್ ಬಾಕ್ಸಿನ ಬದಿಯ ಪಿಟಿಓ, ಅಂದರೆ ಬೇರೆ ಯಂತ್ರಕ್ಕೆ ಶಕ್ತಿ ತೆಗೆದುಕೊಡುವ ಗೇರಿನಿಂದ. ಅಲ್ಲಿಂದ ಒಂದು ಉದ್ದನೆಯ ಶಾಫ್ಟು ಚಾಸಿಯ ಗುಂಟ ಮುಂದಕ್ಕೆ ಹೋಗಿ ವಿಂಚನ್ನು ತಿರುಗಿಸುತ್ತದೆ. ಗೇರ್ ಬಾಕ್ಸ್ ಬದಲಿಸಿದರೆ ವಿಂಚು ಬರೀ ಅಲಂಕಾರ. ಡಬ್ಲ್ಯುಸಿ-52ಗೆ ವಿಂಚಿಲ್ಲದಿದ್ದರೆ 52 ಎಂಬ ಹೆಸರೇ ಇಲ್ಲ. ಡಾಡ್ಜ್ ಬಾಕ್ಸು ಉಳಿಯಿತು.

ಉಳಿಸಿದ್ದರ ಬೆಲೆಯನ್ನು ಅಡಾಪ್ಟರ್ ಪ್ಲೇಟಿನ ರೂಪದಲ್ಲಿ ಕೊಡಬೇಕಾಯಿತು. ಟಾಟಾ ಎಂಜಿನ್ನಿನ ಹಿಂಬದಿಯ ಹೌಸಿಂಗಿಗೂ ಡಾಡ್ಜ್ ಕ್ಲಚ್ ಹೌಸಿಂಗಿಗೂ ನಡುವೆ 22 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆ. ಒಂದು ಮುಖದಲ್ಲಿ ಟಾಟಾ ಬೋಲ್ಟುಗಳ ವೃತ್ತ, ಇನ್ನೊಂದರಲ್ಲಿ ಡಾಡ್ಜಿನದು. ದಪ್ಪ ಎಷ್ಟಿರಬೇಕೆಂಬುದನ್ನು ನಿರ್ಧರಿಸಿದ್ದು ಗೇರ್ ಬಾಕ್ಸಿನ ಎಂಜಿನ್ ಕಡೆಯ ಶಾಫ್ಟಿನ ಮೂತಿ: ಅದು ಕ್ರ್ಯಾಂಕಿನ ಹಿಂದಿನ ಪೈಲಟ್ ಬುಶ್ಶಿನೊಳಗೆ ಸಾಕಷ್ಟು ಹೊಕ್ಕಿರಬೇಕು, ತಳಕ್ಕೆ ತಾಗಬಾರದು. ಪೈಲಟ್ ಬುಶ್ಶನ್ನು ಹೊರಗೆ ಟಾಟಾ ಅಳತೆಗೂ ಒಳಗೆ ಡಾಡ್ಜ್ ಅಳತೆಗೂ ಗನ್‌ಮೆಟಲಿನಲ್ಲಿ ತಿರುಗಿಸಿಕೊಂಡೆ.

ತಟ್ಟೆ ಕೊರೆಯುವುದು ಕಷ್ಟವಲ್ಲ, ಅದನ್ನು ಕೇಂದ್ರಕ್ಕೆ ತರುವುದು ಕಷ್ಟ. ಕ್ರ್ಯಾಂಕಿನ ಅಕ್ಷವೂ ಗೇರ್ ಬಾಕ್ಸಿನ ಅಕ್ಷವೂ ಒಂದೇ ಗೆರೆಯಲ್ಲಿ ಇರದಿದ್ದರೆ ಕ್ಲಚ್ ಪ್ಲೇಟು ಒದ್ದಾಡಿ ಸ್ಪ್ರಿಂಗ್ ಮುರಿಯುತ್ತದೆ, ಗೇರು ತಾನಾಗಿ ಜಾರುತ್ತದೆ, ಮುಂದಿನ ಬೇರಿಂಗ್ ಹಾಡತೊಡಗುತ್ತದೆ. ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನೋಜಲ್‌ಗಳನ್ನು ಬಿಚ್ಚಿ ಕ್ರ್ಯಾಂಕು ಕೈಯಲ್ಲಿ ಹಗುರವಾಗಿ ತಿರುಗುವಂತೆ ಮಾಡಿಕೊಂಡೆವು. ತಟ್ಟೆಯನ್ನೂ ಬರಿಯ ಕ್ಲಚ್ ಹೌಸಿಂಗನ್ನೂ ಬೋಲ್ಟಿನಲ್ಲಿ ಅರೆಬಿಗಿ ಮಾಡಿ, ಡಯಲ್ ಗೇಜಿನ ಮ್ಯಾಗ್ನೆಟ್ಟನ್ನು ಫ್ಲೈವ್ಹೀಲಿಗೆ ಅಂಟಿಸಿ, ಅದರ ಮುಳ್ಳಿನ ತುದಿಯನ್ನು ಗೇರ್ ಬಾಕ್ಸ್ ಕೂಡುವ ದುಂಡು ತೂತಿನ ಒಳಗೋಡೆಗೆ ಮುಟ್ಟಿಸಿದೆ. ಮಿಸ್ತ್ರಿ ಮುಂದಿನ ಪುಲ್ಲಿಯ ನಟ್ಟಿಗೆ ರಿಂಗ್ ಸ್ಪ್ಯಾನರ್ ಹಾಕಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಮುಳ್ಳು 0.46 ಮಿಲಿಮೀಟರ್ ಓಡಾಡಿತು. ಕೇಂದ್ರ ತಪ್ಪಿರುವುದು ಅದರ ಅರ್ಧ, 0.23. ಮುಳ್ಳು ಅತಿ ಹೆಚ್ಚು ತೋರಿಸಿದ ಜಾಗಕ್ಕೆ ಗುರುತು ಹಾಕಿ, ಅದಕ್ಕೆ ತಕ್ಕ ಬದಿಯಿಂದ ತಾಮ್ರದ ಸುತ್ತಿಗೆಯಲ್ಲಿ ಹೌಸಿಂಗಿಗೆ ಸಣ್ಣ ಪೆಟ್ಟು, ಮತ್ತೆ ಒಂದು ಸುತ್ತು, ಮತ್ತೆ ಪೆಟ್ಟು. ಮುಳ್ಳಿನ ಒಟ್ಟು ಓಡಾಟ 0.13ರ ಒಳಗಿದ್ದರೆ ಸಾಕೆಂಬುದು ಈ ಕೆಲಸದವರ ರೂಢಿ. ನಾವು 0.08ಕ್ಕೆ ತಂದು, ಮುಖದ ಓಲಾಟವನ್ನೂ ಅದೇ ರೀತಿ ನೋಡಿ, ಬೋಲ್ಟು ಬಿಗಿದು, ಮೇಲೆ ಕೆಳಗೆ ತೂತು ಕೊರೆದು ರೀಮರ್ ಹೊಡೆದು ಡೌಯೆಲ್ ಪಿನ್ನುಗಳನ್ನು ಇಳಿಸಿದೆವು. ಮುಂದೆ ಯಾರು ಎಷ್ಟು ಸಲ ಬಿಚ್ಚಿ ಕೂಡಿಸಿದರೂ ಆ ಪಿನ್ನುಗಳು ಹೌಸಿಂಗನ್ನು ಇದೇ ಜಾಗಕ್ಕೆ ತರುತ್ತವೆ. ಪಿನ್ನಿಲ್ಲದೆ ಬೋಲ್ಟಿನ ಮೇಲಷ್ಟೇ ನಿಂತ ಅಡಾಪ್ಟರುಗಳನ್ನು ಮಾರುವವರೂ ಇದ್ದಾರೆ. ಅಂಥದನ್ನು ಕೊಳ್ಳುವುದಕ್ಕಿಂತ ಮೂಲ ಎಂಜಿನ್ನಿನಲ್ಲೇ ತೃಪ್ತಿಪಡುವುದು ಒಳ್ಳೆಯದು.

ಕ್ಲಚ್ಚಿಗೆ ಇನ್ನೊಂದು ತೊಡಕು. ಪ್ರೆಶರ್ ಪ್ಲೇಟು, ಫ್ಲೈವ್ಹೀಲು ಟಾಟಾದವು, ಶಾಫ್ಟು ಡಾಡ್ಜಿನದು, ಟಾಟಾ ಕ್ಲಚ್ ಪ್ಲೇಟಿನ ಹಬ್ಬಿಗೆ ಡಾಡ್ಜ್ ಶಾಫ್ಟಿನ ಸ್ಪ್ಲೈನು, ಅಂದರೆ ಶಾಫ್ಟಿನ ಉದ್ದಕ್ಕೂ ಇರುವ ಹಲ್ಲುಗಳು ಹೊಂದುವುದಿಲ್ಲ. ಕೆಲವರು ಹಳೆಯ ಡಾಡ್ಜ್ ಹಬ್ಬನ್ನು ಕತ್ತರಿಸಿ ವೆಲ್ಡ್ ಮಾಡುತ್ತಾರೆ. ನಾನು ಇಎನ್-24 ಉಕ್ಕಿನಲ್ಲಿ ಹೊಸ ಹಬ್ಬನ್ನೇ ತಿರುಗಿಸಿ, ಒಳಗೆ ಡಾಡ್ಜ್ ಸ್ಪ್ಲೈನನ್ನು ಸ್ಲಾಟಿಂಗ್ ಮೆಷಿನ್ನಿನಲ್ಲಿ ಕತ್ತರಿಸಿ, ಹೊರಗಿನ ಚಾಚಿನಲ್ಲಿ ಟಾಟಾ ಪ್ಲೇಟಿನ ಸ್ಪ್ರಿಂಗುಗಳು ಕೂರುವ ಕಿಟಕಿಗಳನ್ನು ಮಾಡಿ, ಹಳೆಯ ರಿವೆಟ್ಟುಗಳ ಜಾಗದಲ್ಲೇ ರಿವೆಟ್ ಹೊಡೆಸಿದೆ. ಆ ಸ್ಪ್ರಿಂಗುಗಳನ್ನು ಉಳಿಸಿಕೊಳ್ಳಲೇಬೇಕಿತ್ತು. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕ್ರ್ಯಾಂಕಿಗೆ ಕೊಡುವ ತಳ್ಳುವಿಕೆ ಮೃದು. ನಾಲ್ಕು ಸಿಲಿಂಡರಿನ ಡೀಸೆಲ್ ಐಡ್ಲಿಂಗಿನಲ್ಲಿ ಒಂದೊಂದು ಸ್ಫೋಟವನ್ನೂ ಗೇರಿನ ಹಲ್ಲಿಗೆ ಗುದ್ದುತ್ತದೆ, ನೇರ ಹಲ್ಲಿನ ಹಳೆಯ ಬಾಕ್ಸಿನಲ್ಲಿ ಆ ಗುದ್ದು ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂತೆ ಕೇಳಿಸುತ್ತದೆ.

ಎಂಜಿನ್ ಕೂರಿಸುವುದು ಇದಕ್ಕೆ ಹೋಲಿಸಿದರೆ ಹಗುರ. ಡಾಡ್ಜ್ ಗೇರ್ ಬಾಕ್ಸು ತನ್ನ ಜಾಗದಲ್ಲೇ ಇದ್ದುದರಿಂದ ಎಂಜಿನ್ನಿನ ಹಿಂಬದಿ ಎಲ್ಲಿ ಬರಬೇಕೆಂಬುದು ತಾನಾಗಿ ಗೊತ್ತಾಯಿತು. ನಾಲ್ಕು ಸಿಲಿಂಡರಿನ ಎಂಜಿನ್ ಆರರದ್ದಕ್ಕಿಂತ ಗಿಡ್ಡವಾದ್ದರಿಂದ ಮುಂದೆ ಫ್ಯಾನಿಗೂ ಅದರ ಸುತ್ತಿನ ತಗಡಿನ ಕವಚಕ್ಕೂ ಧಾರಾಳ ಜಾಗ ಸಿಕ್ಕಿತು. ಕಷ್ಟ ಬಂದದ್ದು ಕೆಳಗೆ. ಮುಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡು ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಕೆಳಗೇ ಮೇಲೆ-ಕೆಳಗೆ ಆಡುತ್ತದೆ. ನಿಂತ ಗಾಡಿಯಲ್ಲಿ ಇರುವ ಸಂದು ನೋಡಿ ಸಮಾಧಾನಪಡುವಂತಿಲ್ಲ. ಸ್ಪ್ರಿಂಗು ಪೂರ್ತಿ ಕುಗ್ಗಿ ಆಕ್ಸಲ್ಲು ರಬ್ಬರ್ ಬಂಪಿಗೆ ತಾಗಿದಾಗ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ಸ್ಪ್ರಿಂಗಿನ ಎಲೆಗಳನ್ನು ತೆಗೆದು, ಜ್ಯಾಕಿನಲ್ಲಿ ಆಕ್ಸಲ್ಲನ್ನು ಬಂಪಿನವರೆಗೆ ಎತ್ತಿ, ಚೇಂಬರಿನ ತಳವನ್ನು ಆ ಬದಿಯಲ್ಲಿ ಕತ್ತರಿಸಿ ಒಳಕ್ಕೆ ತಂದು, ಕಡಿಮೆಯಾದ ಎಣ್ಣೆಯ ಜಾಗವನ್ನು ಇನ್ನೊಂದು ಬದಿಯಲ್ಲಿ ಅಗಲಿಸಿ ತುಂಬಿಕೊಟ್ಟೆವು. ಎಣ್ಣೆ ಹೀರುವ ಪೈಪಿನ ಬಾಯಿಯನ್ನೂ ಅದಕ್ಕೆ ತಕ್ಕಂತೆ ಸರಿಸಬೇಕಾಯಿತು. ಕಡಿದಾದ ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿದಾಗಲೂ ಆ ಬಾಯಿ ಮುಳುಗಿರಬೇಕಷ್ಟೆ. ಫೌಂಡೇಷನ್ ರಬ್ಬರುಗಳು 407ರವೇ. ಅವನ್ನು ಹಿಡಿಯುವ ಬ್ರಾಕೆಟ್ಟುಗಳನ್ನು ಚಾಸಿಯ ಹಳೆಯ ತೂತುಗಳಿಗೇ ಬೋಲ್ಟ್ ಮಾಡಿದೆವು.

ಟ್ರಾನ್ಸ್‌ಫರ್ ಕೇಸು ಸಿಕ್ಕಿದ್ದು ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಸಾಲಿನಲ್ಲಿ, ತುಕ್ಕು ಹಿಡಿದ ಗೇರ್ ಬಾಕ್ಸುಗಳ ರಾಶಿಯ ಕೆಳಗೆ. ಒಳಗಿನ ಹಲ್ಲುಗಳು ಚೆನ್ನಾಗಿದ್ದವು. ಬೇರಿಂಗ್, ಸೀಲು ಬದಲಾದವು. ಈ ಡಾಡ್ಜುಗಳ ಒಂದು ಉಪಕಾರವನ್ನು ಇಲ್ಲಿ ನೆನೆಯಬೇಕು: ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ. ಚಾಸಿಗೆ ಪ್ರತ್ಯೇಕವಾಗಿ ತೂಗುಹಾಕಿದ್ದು, ನಡುವೆ ಒಂದು ಗಿಡ್ಡ ಪ್ರೊಪೆಲರ್ ಶಾಫ್ಟು ಇರುತ್ತದೆ. ಒಂದನ್ನು ಬದಲಿಸಲು ಇನ್ನೊಂದನ್ನು ಮುಟ್ಟಬೇಕಿಲ್ಲ. ಆದರೆ ಆ ಗಿಡ್ಡ ಶಾಫ್ಟೇ ಹಟಮಾರಿ. ಎರಡು ತುದಿಯ ಯೂನಿವರ್ಸಲ್ ಜಾಯಿಂಟುಗಳ ಕೋನ ಸಮನಾಗಿದ್ದರೆ ಒಂದರ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಶಾಫ್ಟು ಗಿಡ್ಡವಾದಷ್ಟೂ ಕೇಸು ಒಂದೆರಡು ಮಿಲಿಮೀಟರ್ ಸರಿದರೂ ಕೋನ ಬಹಳ ಕೆಡುತ್ತದೆ. ಕೇಸಿನ ಬ್ರಾಕೆಟ್ಟುಗಳಲ್ಲಿ ಉದ್ದ ತೂತು ಇಟ್ಟು, ಕೋನಮಾಪಕವನ್ನು ಎರಡೂ ಫ್ಲಾಂಜಿಗೆ ಹಿಡಿದು, ಎರಡೂ ಸಮಾನಾಂತರಕ್ಕೆ ಬಂದ ಮೇಲೆ ತೂತಿಗೆ ವಾಷರ್ ಬೆಸುಗೆ ಹಾಕಿ ಜಾಗ ಕಟ್ಟಿದೆವು. ಮುಂದಿನ, ಹಿಂದಿನ ಶಾಫ್ಟುಗಳ ಉದ್ದವೂ ಬದಲಾಗಿತ್ತು. ಮೂರನ್ನೂ ಭೋಸರಿಯಲ್ಲೇ ಕತ್ತರಿಸಿ ಬೆಸೆಸಿ, ಎರಡೂ ಕಡೆಯ ಫೋರ್ಕುಗಳು ಒಂದೇ ಸಮತಲದಲ್ಲಿವೆಯೇ ಎಂದು ನೋಡಿ, ಬ್ಯಾಲೆನ್ಸ್ ಮಾಡಿಸಿದೆವು.

ಮಿಕ್ಕದ್ದು ಎಲ್ಲರಿಗೂ ಗೊತ್ತಿರುವ ಕೆಲಸ. ಪೆಟ್ರೋಲ್ ಟ್ಯಾಂಕು ತೊಳೆದು, ನೋಜಲ್‌ನಿಂದ ಹಿಂದಿರುಗುವ ಡೀಸೆಲ್ಲಿಗೆ ಎರಡನೇ ಪೈಪು. ಆರು ವೋಲ್ಟಿನ ವಯರಿಂಗ್ ತೆಗೆದು ಹನ್ನೆರಡು ವೋಲ್ಟು. ರೇಡಿಯೇಟರಿಗೆ ಹೊಸ ಕೋರು. ಎಂಜಿನ್ ನಿಲ್ಲಿಸಲು ಡ್ಯಾಷಿನಲ್ಲಿ ಎಳೆಯುವ ಕೇಬಲ್ಲು. ನೀರಿನ ಶಾಖ, ಎಣ್ಣೆಯ ಒತ್ತಡ ತೋರಿಸುವ ಮೂಲ ಗೇಜುಗಳನ್ನು ಉಳಿಸಿಕೊಂಡೆವು. ರಿಮ್ಮುಗಳನ್ನು ಮುಟ್ಟುವವರಿಗೆ ಒಂದು ಎಚ್ಚರಿಕೆ: ಈ ಗಾಡಿಯ ಕಾಂಬ್ಯಾಟ್ ರಿಮ್ಮು ಎರಡು ಭಾಗಗಳನ್ನು ಬೋಲ್ಟಿನಲ್ಲಿ ಸೇರಿಸಿದ್ದು. ಟೈರಿನಲ್ಲಿ ಗಾಳಿ ಇರುವಾಗ ಹೊರಗಿನ ಸುತ್ತಿನ ನಟ್ಟು ಬಿಚ್ಚಿದರೆ ರಿಮ್ಮು ಸಿಡಿದು ಆಳನ್ನು ಕೊಲ್ಲುತ್ತದೆ. ಚಕ್ರ ಬಿಚ್ಚಲು ಬೇಕಾದ ನಟ್ಟುಗಳು ಒಳಗಿನ ಸುತ್ತಿನವು. ನಾವು ಹೊರಗಿನವಕ್ಕೆಲ್ಲ ಕೆಂಪು ಬಣ್ಣ ಬಳಿದೆವು.

ತೋಟದಲ್ಲಿ ಪರೀಕ್ಷೆ ನಡೆದದ್ದು ಮೊದಲ ಮಳೆಗಳು ಬಿದ್ದ ಮೇಲೆ. ಲೋ ರೇಂಜ್, ಮೊದಲನೇ ಗೇರು, ಮುಂದಿನ ಆಕ್ಸಲ್ಲು ಹಾಕಿ, ಕಾಲನ್ನು ಪೆಡಲಿನಿಂದ ತೆಗೆದಾಗ ಗಾಡಿ ತಾನಾಗಿ ಏರು ಹತ್ತತೊಡಗಿತು. ಭಾರ ಬಿದ್ದು ಎಂಜಿನ್ ಕುಗ್ಗುವ ಹೊತ್ತಿಗೆ ಪಂಪಿನ ಗವರ್ನರ್ ತಾನೇ ಡೀಸೆಲ್ ಹೆಚ್ಚಿಸಿ 700ರ ಸುತ್ತಮುತ್ತ ಹಿಡಿದಿಡುತ್ತದೆ. ಹೊಂಡಗಳ ಮೇಲೆ ಕಾಲು ಅದುರಿ ಆಕ್ಸಿಲರೇಟರ್ ಒತ್ತಿಹೋಗುವ ಕಾಟ ಇದರಿಂದ ತಪ್ಪಿತು. ಇಳಿಯುವಾಗ ಮಾತ್ರ ಡೀಸೆಲ್ಲಿನ ದೌರ್ಬಲ್ಯ ಕಾಣುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದಾಗ ಉಂಟಾಗುವ ನಿರ್ವಾತವೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ಲಿಗೆ ಆ ಥ್ರಾಟಲ್ಲೇ ಇಲ್ಲ. ಹೈ ರೇಂಜಿನ ಎರಡನೇ ಗೇರಿನಲ್ಲಿ ಇಳಿದರೆ ಗಾಡಿ ಎಂಜಿನ್ನನ್ನೇ ತಳ್ಳಿಕೊಂಡು ಹೋಗುತ್ತದೆ. ಲೋ ರೇಂಜಿನಲ್ಲಿ ಆ ಕೊರತೆ ತುಂಬಿಬರುತ್ತದೆ. ಇಳಿಜಾರಿಗೆ ಮೊದಲೇ ಲೋ ಹಾಕಿಕೊಳ್ಳಬೇಕೆಂದು ಹುಡುಗರಿಗೆ ಹೇಳಿ, ಡ್ಯಾಷಿನ ಮೇಲೂ ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ್ದೇವೆ.

ಆಕ್ಸಲ್ಲುಗಳು ಇಷ್ಟು ಬಲವನ್ನು ತಾಳುತ್ತವೆಯೇ ಎಂಬ ಪ್ರಶ್ನೆ ಹಲವರು ಕೇಳಿದ್ದಾರೆ. ಮೂಲ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 180 ಅಡಿ-ಪೌಂಡು, ಅಂದರೆ 244 ನ್ಯೂಟನ್ ಮೀಟರ್. ಮೊದಲನೇ ಗೇರಿನಲ್ಲಿ ಅದು ಚಕ್ರಗಳ ಹತ್ತಿರ ಒಟ್ಟು 9100ರಷ್ಟಾಗುತ್ತದೆ. ಅದೇ ಟಾರ್ಕಿಗೆ ಲೋ ರೇಂಜ್ ಸೇರಿದರೆ 17,800. ನೋಡಿದರೆ ಎದೆ ಝಲ್ಲೆನ್ನುವ ಅಂಕಿ. ಆದರೆ ಸುಮಾರು 2700 ಕಿಲೊ ತೂಗುವ ಖಾಲಿ ಗಾಡಿಯ ಟೈರುಗಳು, ಒಣ ನೆಲದ ಹಿಡಿತ 0.7 ಎಂದು ಹಿಡಿದರೂ, ನಾಲ್ಕೂ ಸೇರಿ 7800ರ ಹತ್ತಿರವೇ ಜಾರಲು ಶುರುಮಾಡುತ್ತವೆ. ಕೆಸರಿನಲ್ಲಿ ಇನ್ನೂ ಬೇಗ. ಆದ್ದರಿಂದ ಶಾಫ್ಟು ಮುರಿಯುವ ಮೊದಲು ಟೈರು ಜಾರುತ್ತದೆ. ಇದು ಸುಳ್ಳಾಗುವುದು ಒಂದು ಚಕ್ರ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು ಜಾರಲು ಆಗದಿದ್ದಾಗ, ಅದರಲ್ಲೂ ಸ್ಟೀರಿಂಗ್ ಪೂರ್ತಿ ತಿರುಗಿ ಮುಂದಿನ ಜಾಯಿಂಟು ಬಾಗಿರುವಾಗ. ಅಂಥ ಜಾಗದಲ್ಲಿ ಆಕ್ಸಿಲರೇಟರ್ ತುಳಿಯದೆ ಇಳಿದು ವಿಂಚಿನ ಹಗ್ಗ ಬಿಚ್ಚುವುದೇ ಕ್ರಮ. ವಿಂಚಿನ ಶಾಫ್ಟಿನಲ್ಲಿ ಭಾರ ಮೀರಿದಾಗ ತುಂಡಾಗಲೆಂದೇ ಇಟ್ಟ ಮೆತ್ತನೆಯ ಪಿನ್ನಿದೆ. ಅದರ ಜಾಗಕ್ಕೆ ಗಟ್ಟಿ ಬೋಲ್ಟು ಹಾಕುವ ಚಾಳಿ ನಮ್ಮವರಲ್ಲಿದೆ. ಮಿಸ್ತ್ರಿ ಹಾಗಾಗದಂತೆ ಹತ್ತಾರು ಪಿನ್ನು ತಿರುಗಿಸಿ ಡಬ್ಬಿಯಲ್ಲಿಟ್ಟು ಸೀಟಿನ ಕೆಳಗೆ ಕಟ್ಟಿದ್ದಾರೆ. ಮುಂದಿನ, ಹಿಂದಿನ ಆಕ್ಸಲ್ಲುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಗಾಡಿಯಾದ್ದರಿಂದ ಗಟ್ಟಿ ನೆಲದ ಮೇಲೆ ಮುಂದಿನ ಆಕ್ಸಲ್ಲು ಹಾಕಿ ತಿರುಗಿಸಬಾರದು ಎಂಬುದು ಮೊದಲಿನಿಂದ ಇದ್ದ ನಿಯಮ, ಲೋ ರೇಂಜ್ ಬಂದ ಮೇಲೆ ಅದು ಇನ್ನಷ್ಟು ಕಟ್ಟುನಿಟ್ಟು.

ಉಳಿದಿರುವುದು ಬ್ರೇಕು. ಒಂದೇ ಪೈಪಿನ ಸರ್ಕ್ಯೂಟು ಇರುವ ಗಾಡಿಯಲ್ಲಿ ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಮಾಡುವ ಜೋಡಿ ಮಾಸ್ಟರ್ ಸಿಲಿಂಡರನ್ನು ಪೆಡಲಿನ ಹಳೆಯ ಬ್ರಾಕೆಟ್ಟಿಗೇ ಕೂರಿಸಲು ನಕ್ಷೆ ಹಾಕಿದ್ದೇನೆ. ಡೀಸೆಲ್ಲಿನಲ್ಲಿ ನಿರ್ವಾತ ತಾನಾಗಿ ಸಿಗದ ಕಾರಣ ಬೂಸ್ಟರ್ ಬೇಕೆಂದರೆ ವ್ಯಾಕ್ಯೂಮ್ ಪಂಪು ಇರುವ ಆಲ್ಟರ್ನೇಟರನ್ನೂ ಹಾಕಬೇಕು. ಶೆಟ್ಟರು ಎರಡಕ್ಕೂ ಒಪ್ಪಿದ್ದಾರೆ. ಅಲ್ಲಿಯವರೆಗೆ ಹೈ ರೇಂಜಿನ ನಾಲ್ಕನೇ ಗೇರು ಹಾಕಬಾರದೆಂದು ಗೇರ್ ಲಿವರಿನ ದಾರಿಗೆ ಒಂದು ತಡೆ ಕೂರಿಸಿದ್ದೇವೆ.